ಈಜದ ಮೊಟ್ಟೆ

ಜೂನ್ ತಿಂಗಳಲ್ಲಿ ನಮ್ಮ ಊರಿಗೆ ಎರಡು ಹಿಂಡು ಬರುತ್ತವೆ. ಒಂದು ಬಂಗುಡೆ, ಇನ್ನೊಂದು ವಿದ್ವಾಂಸರು. ಬಂಗುಡೆಯನ್ನಾದರೂ ಉಪ್ಪು ಹಚ್ಚಿ ಸುಡಬಹುದು ಎಂದು ಇದಾಲೀನಾ ಫುರ್ಟಾಡೊ ಹೇಳುತ್ತಿದ್ದಳು. ಹೇಳುವಾಗ ನಗುತ್ತಿರಲಿಲ್ಲ. ಕಡಲ ದಂಡೆಯ ಪ್ರಯೋಗಶಾಲೆಯಲ್ಲಿ ಏಳು ವರ್ಷ ಆ ಎರಡನೆಯ ಹಿಂಡಿನ ಗಾಜಿನ ತಟ್ಟೆಗಳನ್ನು ತೊಳೆದವಳು, ಆಮೇಲೆ ಮೂವತ್ತನಾಲ್ಕು ವರ್ಷ ನೆಲಮಾಳಿಗೆಯ ಸೂಕ್ಷ್ಮದರ್ಶಕದ ಕೋಣೆಯನ್ನು ಕಾದವಳು. ಅವರ ಬಗ್ಗೆ ಅವಳ ಅಭಿಪ್ರಾಯ ಒಂದೇ ಉಸಿರಿನದು: "ಓದಿರೋದು ಜಾಸ್ತಿ, ನೋಡಿರೋದು ಕಮ್ಮಿ."

ತಪ್ಪು ಹೇಳಿದಳೆಂದು ಹೇಗೆ ಹೇಳುವುದು? ಬಾಸ್ಟನ್ ಬಸ್ಸಿನಿಂದ ಇಳಿಯುವಾಗಲೇ ಅವರ ಮುಖದಲ್ಲಿ ಸಮುದ್ರಕ್ಕೆ ಉಪಕಾರ ಮಾಡಲು ಬಂದ ಕಳೆ ಇರುತ್ತದೆ. ತಲೆಗೆ ಅಗಲ ಅಂಚಿನ ಟೊಪ್ಪಿ, ಕಾಲಿಗೆ ಚಪ್ಪಲಿ, ಕೈಯಲ್ಲಿ ಕಾಗದದ ಲೋಟದ ಕಾಫಿ. ಮೀನು ತಂದುಕೊಡುವವನ ಹೆಸರನ್ನು ಪ್ರತಿ ವರ್ಷ ಕೇಳುತ್ತಾರೆ, ಪ್ರತಿ ವರ್ಷ ಮರೆಯುತ್ತಾರೆ. ನಮ್ಮ ಕೇಲ್ ಸೊಪ್ಪಿನ ಸಾರನ್ನು ಒಂದು ಚಮಚ ಕುಡಿದು ಕಣ್ಣು ಮುಚ್ಚಿ "ಆಹಾ" ಅನ್ನುತ್ತಾರೆ, ಬಟ್ಟಲು ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಅಕ್ಟೋಬರ್ ಬರುವ ಹೊತ್ತಿಗೆ ಒಬ್ಬರೂ ಇರುವುದಿಲ್ಲ.

ಇದಾಲೀನಾಳ ಅಪ್ಪ ಸಾಗರದಾಚೆಯ ಅಸೋರ್ ದ್ವೀಪದಿಂದ ಬಂದ ಮೀನುಗಾರ. ಮಗಳನ್ನು ಹದಿನಾರಕ್ಕೆ ಶಾಲೆ ಬಿಡಿಸಿದ್ದ. ಹತ್ತೊಂಬತ್ತಕ್ಕೆ ಅವಳು ಪ್ರಯೋಗಶಾಲೆಯ ತೊಳೆಯುವ ಕೋಣೆ ಸೇರಿದಳು. ಅಲ್ಲಿ ಒಂದು ಕಟ್ಟಳೆಯಿತ್ತು. ಬದುಕಿದ ಮೊಟ್ಟೆ ಇಡುವ ಗಾಜಿಗೆ ಸೋಪು ಮುಟ್ಟಿಸುವಂತಿಲ್ಲ, ಬರೀ ನೀರು, ಮತ್ತೆ ನೀರು, ಮತ್ತೆ ನೀರು. ಅವಳ ಮೊದಲ ಬೇಸಿಗೆಯಲ್ಲೇ ಮೇಲಿನ ಮಹಡಿಯಲ್ಲಿ ಪ್ರಯೋಗಕ್ಕಿಟ್ಟ ಮೊಟ್ಟೆಗಳೆಲ್ಲ ಸಾಯತೊಡಗಿದವು. ವಿದ್ವಾಂಸರು ಸಭೆ ಸೇರಿ ಸಮುದ್ರದ ನೀರನ್ನು ದೂರಿದರು, ಹುಣ್ಣಿಮೆಯನ್ನು ದೂರಿದರು, ಒಬ್ಬನಂತೂ ದೂರದ ಕಾರ್ಖಾನೆಯ ಹೊಗೆಯವರೆಗೂ ಹೋದ. ಕುಣಿಯಲಾರದವಳಿಗೆ ನೆಲ ಡೊಂಕು. ಇದಾಲೀನಾ ಒಂದು ತಟ್ಟೆ ಎತ್ತಿ ಮೂಸಿದಳು.

"ನಿಂಬೆಹಣ್ಣಿನ ವಾಸನೆ ಬರ್ತಿದೆ. ಯಾರೋ ಸೋಪು ಹಾಕಿದಾರೆ," ಎಂದಳು.

ಅದನ್ನು ಕೇಳಿಸಿಕೊಂಡವರು ಡಾಕ್ಟರ್ ಎಲ್ಸ್‌ಪೆತ್ ರೈ ಒಬ್ಬರೇ. ನೆಲಮಾಳಿಗೆಯ ಕೋಣೆ ಕಟ್ಟಿದವರು ಅವರು. ಒಣಕಲು ಹೆಂಗಸು, ಮಾತು ಕಮ್ಮಿ, ಹೊಗಳಿಕೆ ಇನ್ನೂ ಕಮ್ಮಿ. ಮರುದಿನ ತೊಳೆಯುವ ಕೋಣೆಗೆ ಬಂದು, "ಫುರ್ಟಾಡೊ, ನಿನ್ನ ಮೂಗು ಸರಿ ಇದೆ. ಕಣ್ಣು ಹೇಗಿದೆ ನೋಡೋಣ, ಬಾ," ಎಂದು ಕರೆದುಕೊಂಡು ಹೋದರು. ಆದರೂ ಅವಳನ್ನು ಪೂರ್ತಿಯಾಗಿ ಕೆಳಗೆ ಎಳೆದುಕೊಳ್ಳಲು ಅವರಿಗೆ ಏಳು ವರ್ಷ ಹಿಡಿಯಿತು. ಕಚೇರಿಯವರಿಗೆ ತೊಳೆಯುವವಳು ತೊಳೆಯುವವಳೇ.

ಆ ಕೋಣೆಯ ಕೆಲಸ ಇಷ್ಟು. ಸತ್ತದ್ದನ್ನು ಕೊಯ್ದು, ಬಣ್ಣ ಹಚ್ಚಿ ನೋಡುವುದಕ್ಕೆ ಯಾರಾದರೂ ಸಾಕು. ಬದುಕಿರುವ ಮೊಟ್ಟೆಯೊಳಗೆ, ಅದು ಬದುಕಿರುವಾಗಲೇ ಏನು ನಡೆಯುತ್ತದೆ ಎಂದು ನೋಡುವುದು ಬೇರೆ. ಮೊಟ್ಟೆಯೆಂದರೆ ಕೋಳಿಯದಲ್ಲ, ಮರಳುಬಿಲ್ಲೆಯದು. ಸಮುದ್ರದ ಮರಳಿನಲ್ಲಿ ಬಿಸ್ಕತ್ತಿನಂತೆ ಚಪ್ಪಟೆಯಾಗಿ ಹುದುಗಿರುವ ಪ್ರಾಣಿ ಅದು. ಅದರ ಮೊಟ್ಟೆ ಕಣ್ಣಿಗೆ ಕಾಣದಷ್ಟು ಸಣ್ಣದು, ನೀರಿನ ಹನಿಯಷ್ಟು ತಿಳಿ. ಒಳಗಿನ ಎಳೆಗಳಿಗೆ ಹಿಡಿಯುವಂತೆ ಒಂದು ಹೊಳೆಯುವ ಬಣ್ಣವನ್ನು ಕೂದಲಿಗಿಂತ ಸಣ್ಣ ಸೂಜಿಯಿಂದ ಚುಚ್ಚಿ ಬಿಟ್ಟು, ಲೇಸರ್ ಬೆಳಕು ಹಾಯಿಸಿದರೆ ಎಳೆಗಳು ಹಸುರಾಗಿ ಬೆಳಗುತ್ತವೆ. ಒಂದೂವರೆ ಗಂಟೆ ಕಾದರೆ ಎಳೆಗಳು ಕದಿರಿನ ಹಾಗೆ ನಿಂತು, ಎರಡು ಕಡೆಗೆ ಜಗ್ಗಿ, ಒಂದು ಮೊಟ್ಟೆ ಎರಡಾಗುವುದು ಕಾಣುತ್ತದೆ. ನೋಡಿದವರು ಆ ಹೊತ್ತು ಮಾತಾಡುವುದಿಲ್ಲ. ವಿದ್ವಾಂಸರು ಕೂಡ.

ಆದರೆ ಆ ಬೆಳಕೇ ವಿಷ. ಜಾಸ್ತಿ ಬಿಟ್ಟರೆ ಮೊಟ್ಟೆ ಒಳಗೊಳಗೇ ಬೇಯುತ್ತದೆ. ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡಲು ಯಾರಾದರೂ ಮುಖಕ್ಕೆ ಟಾರ್ಚು ಬಿಡುತ್ತಾರೆಯೇ? ಡಾಕ್ಟರ್ ರೈ ಕಲಿಸಿದ್ದು ಅದನ್ನೇ. ಚಿತ್ರ ಮಸುಕಾದರೆ ಆಗಲಿ, ಮೊಟ್ಟೆಗೆ ಗೊತ್ತಾಗದ ಹಾಗೆ ನೋಡು.

ಅದಕ್ಕೊಂದು ಪರೀಕ್ಷೆಯನ್ನೂ ಅವರು ಇಟ್ಟಿದ್ದರು. ಮೊಟ್ಟೆ ಎರಡಾಗುವುದನ್ನು ಸಿನಿಮಾ ತೆಗೆದಾದ ಮೇಲೆ ಆ ಮೊಟ್ಟೆಯನ್ನು ಗಾಜಿನ ಕೊಳವೆಯಿಂದ ಹೀರಿ, ಅಳಗುಳಿಮಣೆಯಂಥ ಒಂದು ತಟ್ಟೆಯಲ್ಲಿ ಒಂಟಿ ಗುಳಿಗೆ ಬಿಡಬೇಕು. ಪಕ್ಕದ ಗುಳಿಗೆ ಅದರ ತಂಗಿಯನ್ನು ಬಿಡಬೇಕು, ಅಂದರೆ ಅದೇ ತಾಯಿಯ, ಅದೇ ಬಣ್ಣ ಚುಚ್ಚಿದ, ಆದರೆ ಲೇಸರ್ ಕಾಣದ ಮೊಟ್ಟೆಯನ್ನು. ಬೆಳಗಾಗುವಷ್ಟರಲ್ಲಿ ಮೊಟ್ಟೆ ಬದುಕಿದ್ದರೆ ಮರಿಯಾಗಿ ಬುಗುರಿಯ ಹಾಗೆ ತಿರುಗುತ್ತಾ ಈಜುತ್ತದೆ. ಈಜಿದರೆ ಸಿನಿಮಾ ಉಳಿಯಿತು. ಈಜದಿದ್ದರೆ, ನೀನು ನೋಡಿದ್ದು ಬದುಕನ್ನಲ್ಲ, ಸಾವನ್ನು; ಅಳಿಸಿ ಹಾಕು. ಶುಕ್ರವಾರ ಮೂರು ಗಂಟೆಗೆ ವಾರದ ಉಪನ್ಯಾಸಕ್ಕೆ ಮೊದಲು ಎಲ್ಲರೂ ನೆಲಮಾಳಿಗೆಗೆ ಇಳಿದು ಗುಳಿ ನೋಡುವುದು, ಯಾರಾದರೊಬ್ಬರು "ಈಜಿತೇ?" ಎಂದು ಕೇಳುವುದು, ಇದಾಲೀನಾ ಹೌದು ಅಥವಾ ಇಲ್ಲ ಅನ್ನುವುದು ನಮ್ಮಲ್ಲಿ ಪೂಜೆಯಷ್ಟೇ ಗಟ್ಟಿಯಾದ ಪದ್ಧತಿ. ಅವಳು ಇಲ್ಲ ಅಂದ ಸಿನಿಮಾವನ್ನು ಯಾರೂ ತೋರಿಸುವುದಿಲ್ಲ.

ಅವಳಿಗೊಂದು ಆಸೆಯಿತ್ತು. ಯಾರಿಗೂ ಹೇಳಿರಲಿಲ್ಲ. ನೆಲಮಾಳಿಗೆಯ ಮೆಟ್ಟಿಲ ಗೋಡೆಯ ಮೇಲೆ, ಆ ಕೋಣೆಯಿಂದ ಹೊರಬಂದ ಪ್ರತಿ ಪ್ರಬಂಧದ ಮೊದಲ ಪುಟವನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು. ಅರವತ್ತೆರಡು ಚೌಕಟ್ಟು. ಧೂಳು ಒರೆಸುವವಳು ಅವಳೇ. ಅವುಗಳಲ್ಲಿ ಅವಳ ಹೆಸರು ಎಲ್ಲೂ ಇಲ್ಲ. ಇದ್ದರೆ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ, "ನೆರವಿಗಾಗಿ ವಂದನೆ" ಎಂಬ ಕಡೆ, ಮತ್ತು ಕೊನೆಯ ಪುಟಕ್ಕೆ ಯಾರೂ ಚೌಕಟ್ಟು ಹಾಕುವುದಿಲ್ಲ. ಒಮ್ಮೆ ಅವಳ ಅಪ್ಪ ರಬ್ಬರ್ ಬೂಟಿನಲ್ಲೇ ಬಂದು ಆ ಮೆಟ್ಟಿಲುಗಳನ್ನು ಇಳಿದಿದ್ದ. ಇಂಗ್ಲಿಷು ಓದಲು ಬಾರದು, ಹೆಸರುಗಳನ್ನು ಮಾತ್ರ ಗುರುತಿಸಬಲ್ಲ. ಒಂದೊಂದು ಚೌಕಟ್ಟಿನ ಮುಂದೆ ನಿಂತು ಬೆರಳಿಟ್ಟು ಫುರ್ಟಾಡೊ ಹುಡುಕಿದ. ಕೊನೆಯದು ಮುಗಿದ ಮೇಲೆ ಟೊಪ್ಪಿ ಹಾಕಿಕೊಂಡು ಹೋದ. ಅಪ್ಪ ಸತ್ತು ಹದಿನೆಂಟು ವರ್ಷವಾದರೂ ಆ ಗೋಡೆ ಒರೆಸುವಾಗ ಇದಾಲೀನಾಳ ಕೈ ಸ್ವಲ್ಪ ಒರಟಾಗುತ್ತಿತ್ತು.

ಅವಳಿಗೆ ಅರವತ್ತು ತುಂಬಿದ ಬೇಸಿಗೆಯಲ್ಲಿ ಡಾಕ್ಟರ್ ಗಾರ್ಡನ್ ವಿಥ್ರೋ ಬಂದಿಳಿದ. ಎತ್ತರದ ಆಳು, ಬೆಳ್ಳಗಿನ ಹಲ್ಲು, ಸದಾ ಯಾರೋ ತನ್ನ ಚಿತ್ರ ತೆಗೆಯುತ್ತಿದ್ದಾರೆ ಎಂಬಂತೆ ಗದ್ದ ಎತ್ತಿ ನಡೆಯುವವನು. ಜೊತೆಯಲ್ಲಿ ಹೊಸ ಲೇಸರು ತಂದಿದ್ದ. ಮೊದಲ ದಿನವೇ ಇದಾಲೀನಾಳನ್ನು ಎಬ್ಬಿಸಿ ಅವಳ ಕುರ್ಚಿಯಲ್ಲಿ ಕುಳಿತ.

"ಈ ಕತ್ತಲೇಲಿ ಏನು ಕಾಣುತ್ತಮ್ಮ? ಬೆಳಕು ಏರಿಸು."

"ನೂರಕ್ಕೆ ಐದರ ಮೇಲೆ ಹೋಗಬಾರದು ಡಾಕ್ಟ್ರೇ. ಮೊಟ್ಟೆ ತಡೆಯಲ್ಲ."

"ಹೋದ್ರೆ ಹೋಗಲಿ. ಬಕೆಟ್ ತುಂಬ ಇದಾವಲ್ಲ."

"ಬಣ್ಣಾನೂ ಹೋಗುತ್ತೆ. ಕಿಟಕಿ ಪರದೆ ಬಿಸಿಲಿಗೆ ಬೆಳ್ಳಗಾಗಲ್ವಾ, ಹಾಗೆ. ಒಂದು ಗಂಟೇಲಿ ಹೊಳಪೆಲ್ಲ ಸುಟ್ಟುಹೋಗುತ್ತೆ, ಮತ್ತೆ ಬರಲ್ಲ."

"ಅಷ್ಟರಲ್ಲಿ ನನ್ನ ಚಿತ್ರ ನನಗೆ ಸಿಕ್ಕಿರುತ್ತೆ," ಎಂದು ಆತ ಅರವತ್ತಕ್ಕೆ ಏರಿಸಿದ. ಪರದೆಗಳ ಮಾತು ಅವನ ಕಿವಿಗೆ ಹೋಗಲೇ ಇಲ್ಲ. ಅಂಥವರ ಕಿವಿ ತಮ್ಮ ದನಿಗೆಂದೇ ಇರುವುದು.

ಚಿತ್ರವೇನೋ ಚೆನ್ನಾಗಿಯೇ ಬಂತು, ಸೀರೆ ಅಂಗಡಿಯ ದೀಪದ ಹಾಗೆ. ಮುಕ್ಕಾಲು ಗಂಟೆಯಾದ ಮೇಲೆ ಮೊಟ್ಟೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದವು. ವಿಥ್ರೋ ಕುರ್ಚಿಯಿಂದ ಅರ್ಧ ಎದ್ದ.

"ಇದೇನಿದು? ಮೊಗ್ಗು. ಮೊಟ್ಟೆ ಎರಡಾಗೋ ಮುಂಚೆ ಮೊಗ್ಗು ಬಿಡ್ತಿದೆ. ಇದನ್ನ ಇಲ್ಲೀವರೆಗೆ ಯಾರೂ ನೋಡಿಲ್ಲ."

"ನಾವು ನೋಡಿದೀವಿ ಡಾಕ್ಟ್ರೇ. ಅದು ಸಾಯೋ ಮೊಟ್ಟೆ. ಗಂಜಿ ಕುದಿಯುವಾಗ ಗುಳ್ಳೆ ಬರುತ್ತಲ್ಲ, ಅಷ್ಟೇ."

ಆತ ನಕ್ಕ. ಅಡುಗೆಯವಳು ರಾಜಕಾರಣ ಮಾತಾಡಿದರೆ ಯಜಮಾನ ನಗುವ ನಗು ಅದು. ಎರಡು ದಿನದೊಳಗೆ ಗುಳ್ಳೆಗಳಿಗೆ ಹೆಸರೂ ಇಟ್ಟಾಗಿತ್ತು: ವಿಥ್ರೋ ಮೊಗ್ಗು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಜನ ಎಲ್ಲ ಕಡೆಯೂ ಇದ್ದಾರೆ. ಈತ ಸತ್ತ ಕೂಸಿಗೆ ಹೊಲಿಸಿದ.

ಇದಾಲೀನಾ ವಾದಿಸಲಿಲ್ಲ. ಪದ್ಧತಿಯಂತೆ ಮೊಟ್ಟೆಗಳನ್ನು ಗುಳಿಯೊಳಗೆ ಬಿಟ್ಟಳು. ಮೂರು ವಾರದಲ್ಲಿ ಹನ್ನೊಂದು ಮೊಟ್ಟೆ. ಒಂದೂ ಈಜಲಿಲ್ಲ. ಪಕ್ಕದ ಹನ್ನೊಂದು ತಂಗಿ ಮೊಟ್ಟೆಗಳೂ ಬುಗುರಿಯಾಡಿದವು. ನಡುವೆ ಒಂದು ದಿನ ಅವಳೇ ಐದರ ಬೆಳಕಿನಲ್ಲಿ ಒಂದು ಸಿನಿಮಾ ತೆಗೆದಳು. ಮಸುಕು ಮಸುಕು, ಮಂಜಿನಲ್ಲಿ ದೋಣಿ ಕಂಡ ಹಾಗೆ. ಗುಳ್ಳೆ ಒಂದೂ ಇಲ್ಲ. ಮೊಟ್ಟೆ ತೆಪ್ಪಗೆ ಎರಡಾಯಿತು, ನಾಲ್ಕಾಯಿತು, ಬೆಳಿಗ್ಗೆ ಈಜಿತು. ಅದನ್ನು ವಿಥ್ರೋಗೆ ತೋರಿಸಿದಳು.

"ಇದೇನು, ಓಟ್ಸ್ ಗಂಜೀನಾ?" ಎಂದ ಆತ. "ಇದನ್ನ ಯಾರು ನೋಡ್ತಾರೆ?"

ಮುಂದಿನ ಶುಕ್ರವಾರ ಅವನದೇ ಉಪನ್ಯಾಸ. ಗುಳಿ ನೋಡಲು ಎಲ್ಲರೂ ಬರುತ್ತಾರೆ, ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಸೋಮವಾರ ಅವಳು ಮೆಟ್ಟಿಲ ಗೋಡೆ ಒರೆಸುತ್ತಿದ್ದಾಗ ಆತ ಎರಡು ಮೆಟ್ಟಿಲು ಕೆಳಗೆ ಬಂದು ನಿಂತ. ಅಂದು ಮೊದಲ ಬಾರಿಗೆ ಅವಳನ್ನು "ನೀವು" ಅಂದ.

"ಮಿಸ್ ಫುರ್ಟಾಡೊ, ಈ ಗೋಡೆ ಮೇಲೆ ನಿಮ್ಮ ಹೆಸರು ಎಲ್ಲಿದೆ?"

ಅವಳು ಒರೆಸುತ್ತಲೇ ಇದ್ದಳು.

"ಇರಬೇಕಾಗಿತ್ತು ಅಲ್ವಾ? ನಾನಾದ್ರೆ ಹಾಕ್ತಿದ್ದೆ. ನನ್ನ ಹೆಸರಿನ ಪಕ್ಕದಲ್ಲೇ. ಮೊದಲನೇ ಪುಟದಲ್ಲಿ."

"ಯಾಕೆ?"

"ಕೆಲಸ ನಿಮ್ದು, ಹೆಸರೂ ನಿಮ್ದು. ನನಗೆ ಬೇಕಾಗಿರೋದು ಒಂದೇ. ಶುಕ್ರವಾರ ಒಂದು ಮರಿ ಈಜ್ತಾ ಇರಬೇಕು."

"ಈಜಲ್ಲ. ಹನ್ನೊಂದು ನೋಡಿದೀನಿ."

ಆತ ದನಿ ತಗ್ಗಿಸಿದ. ಅವನ ದನಿ ತಗ್ಗಿದ್ದೂ ಅದೇ ಮೊದಲು. "ಪಕ್ಕದ ಗುಳೀಲಿ ಒಂದು ಈಜ್ತಿರುತ್ತಲ್ಲ. ಅದನ್ನ ಈ ಕಡೆ ಬಿಟ್ರೆ ಆಯ್ತು. ಎರಡೂ ಒಂದೇ ತಾಯಿ ಮಕ್ಕಳು. ಯಾರಿಗೇನು ನಷ್ಟ?"

ಅವಳು ಹೂಂ ಅನ್ನಲಿಲ್ಲ. ಉಹೂಂ ಎಂದೂ ಅನ್ನಲಿಲ್ಲ. ಅವನ ಮುಖಕ್ಕೆ ಒರೆಸುವ ಬಟ್ಟೆ ಎಸೆಯಬೇಕಾಗಿತ್ತು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಮೂವತ್ತನಾಲ್ಕು ವರ್ಷ ವಿದ್ವಾಂಸರನ್ನೆಲ್ಲ ಹಳಿದವಳು, ತನ್ನ ಸರದಿ ಬಂದಾಗ ಬಾಯಿ ಮುಚ್ಚಿಕೊಂಡಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಬೈದುಕೊಂಡದ್ದು ವಿಥ್ರೋವನ್ನಲ್ಲ.

ಬುಧವಾರ ಉಪನ್ಯಾಸದ ಪ್ರಕಟಣೆ ಮೆಟ್ಟಿಲ ಬುಡದಲ್ಲಿ ಬಂತು. ದಪ್ಪ ಅಕ್ಷರದಲ್ಲಿ "ವಿಥ್ರೋ ಮೊಗ್ಗುಗಳು", ಕೆಳಗೆ ಜಿ. ವಿಥ್ರೋ, ಐ. ಫುರ್ಟಾಡೊ. ಮೀನು, ಏಡಿ, ಮರಳುಬಿಲ್ಲೆಗಳನ್ನು ಪ್ರಯೋಗಶಾಲೆಗೆ ತಂದುಕೊಡುವ ದೋಣಿಯವನು ಅವಳ ತಮ್ಮ ಸೆರಫೀಂ. ಬಕೆಟ್ ಇಟ್ಟು ಹೋಗಲು ಬಂದವನು ಅದನ್ನು ಓದಿ ಕೋಣೆಗೆ ನುಗ್ಗಿದ. ಅಕ್ಕನನ್ನು ಅವನು ನಮ್ಮ ಅಸೋರ್ ದ್ವೀಪದವರ ಹಾಗೆ ಮಾನಾ ಎಂದು ಕರೆಯುತ್ತಾನೆ.

"ಮಾನಾ, ಗೋಡೆ ಮೇಲೆ ಬಂದ್ಬಿಟ್ಯಲ್ಲೇ. ಇನ್ಮೇಲೆ ನಮ್ಮನ್ನ ಮಾತಾಡಿಸ್ತೀಯೋ ಇಲ್ವೋ?"

"ಬೂಟು ಹೊರಗೆ ಬಿಡೋ. ನೆಲ ಈಗಷ್ಟೆ ಒರೆಸಿದೀನಿ."

"ಅಪ್ಪ ಇದ್ದಿದ್ರೆ ಈ ಕಾಗದ ಹಿಡ್ಕೊಂಡು ಊರೆಲ್ಲ ಸುತ್ತಿರೋನು. ಅದೇನದು ಮೊಗ್ಗು?"

"ಗುಳ್ಳೆ."

"ಗುಳ್ಳೆಗೆ ಇಷ್ಟು ದೊಡ್ಡ ಅಕ್ಷರಾನಾ?"

"ದೊಡ್ಡವರ ಗುಳ್ಳೆ."

ಅವನು ನಗುತ್ತಾ, ಮೇಜಿನ ಮೇಲೆ ಉಳಿದಿದ್ದ ಇನ್ನೊಂದು ಪ್ರತಿಯನ್ನು ಅವಳ ಚೀಲಕ್ಕೆ ತುರುಕಿದ. ಅದನ್ನು ಅವಳು ತೆಗೆದು ಇಡಬಹುದಿತ್ತು. ಇಡಲಿಲ್ಲ. ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಸಂಜೆ ಸೆರಫೀಂನ ಹೆಂಡತಿ ಸಿಹಿ ಬ್ರೆಡ್ಡು ಸುಟ್ಟು ತಂದಳು. ಅದನ್ನು ತಿನ್ನುತ್ತಾ ಎಲ್ಲರೂ ಆ ಹೆಸರನ್ನು ನೋಡಿದರು. ಇದಾಲೀನಾ ತನ್ನ ತುಂಡನ್ನು ಕಾಫಿ ಕುಡಿದು ಇಳಿಸಿಕೊಂಡಳು.

ಗುರುವಾರ ಹನ್ನೆರಡನೆಯ ಮೊಟ್ಟೆ. ಅರವತ್ತರ ಬೆಳಕು, ಒಂದೂವರೆ ಗಂಟೆ. ಕೊನೆಯಲ್ಲಿ ಅದರ ಹೊಳಪು ಬೂದಿ ಮುಚ್ಚಿದ ಕೆಂಡದಷ್ಟೂ ಉಳಿದಿರಲಿಲ್ಲ. ಅವಳು ಅದನ್ನು ಎಡಗಡೆಯ ಗುಳಿಗೂ ತಂಗಿಯನ್ನು ಬಲಗಡೆಯ ಗುಳಿಗೂ ಬಿಟ್ಟು, ಮುಚ್ಚಳ ಮುಚ್ಚಿ, ತಂಪು ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿದಳು. ಆ ಬೀಗದ ಇನ್ನೊಂದು ಕೀಲಿ ವಿಥ್ರೋ ಹತ್ತಿರ ಇತ್ತು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆ ತೆರೆದು, ತಟ್ಟೆಯನ್ನು ಸಾಧಾರಣ ದೀಪದಲ್ಲಿ ನೋಡಿದಳು. ಎಡಗಡೆ ಗುಳಿಯಲ್ಲಿ ಒಂದು ಮರಿ ಗಿರಗಿರ ತಿರುಗುತ್ತಾ ಈಜುತ್ತಿತ್ತು. ಬಲಗಡೆ ಗುಳಿಯಲ್ಲಿ ಬರೀ ನೀರು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು. ಆದರೆ ಬೆಕ್ಕು ಅವಳಲ್ಲವಲ್ಲ. ಅವಳು ಏನನ್ನೂ ಮುಟ್ಟಿರಲಿಲ್ಲ. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಏಕೆಂದರೆ ಆ ಗುಳಿಯಲ್ಲಿರುವುದು ಈಜುತ್ತಿದ್ದದ್ದು ನಿಜ. ಯಾರಾದರೂ ಕೇಳಿದರೆ ಹೌದು ಅಂದರೆ ಮುಗಿಯಿತು. ಅರವತ್ತಮೂರನೆಯ ಚೌಕಟ್ಟು ಗೋಡೆಗೆ ಏರುತ್ತದೆ. ಹೊಳಪು ನೋಡುವ ನೀಲಿ ದೀಪದ ಗುಂಡಿ ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಹಾಕಿದರೆ ಇದು ಯಾವ ಮೊಟ್ಟೆಯ ಮರಿ ಎಂದು ಗೊತ್ತಾಗಿಬಿಡುತ್ತದೆ. ಹಾಕಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ವಿದ್ವಾಂಸರ ವಿದ್ಯೆ ಎಂದುಕೊಂಡಿದ್ದಳು; ಅದು ತನಗೂ ಇಷ್ಟು ಸಲೀಸಾಗಿ ಬರುತ್ತದೆಂದು ತಿಳಿದಿರಲಿಲ್ಲ.

ಮೂರು ಗಂಟೆಗೆ ಹಿಂಡು ಇಳಿಯಿತು. ಕಾಗದದ ಲೋಟ, ಚಪ್ಪಲಿ ಸದ್ದು, ಒಬ್ಬರ ಹಿಂದೆ ಒಬ್ಬರು. ಎಡಗಡೆ ಗುಳಿಯ ಮೇಲೆ ಬಾಗಿ ಕಣ್ಣಿಟ್ಟು "ಅಬ್ಬಾ, ಎಷ್ಟು ಚುರುಕು" ಎಂದು ಪಕ್ಕಕ್ಕೆ ಸರಿದರು. ಬಲಗಡೆ ಗುಳಿ ಖಾಲಿ ಯಾಕೆ ಎಂದು ಇಪ್ಪತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವವರು. ಹೆಸರಿನ ಹಿಂದೆ ಮುಂದೆ ಅಷ್ಟೊಂದು ಪದವಿ ಕಟ್ಟಿಕೊಂಡು, ಇಲ್ಲದ್ದನ್ನು ಕಾಣುವ ಕಣ್ಣು ಮಾತ್ರ ಇಲ್ಲ. ವಿಥ್ರೋ ಬಾಗಿಲ ಹತ್ತಿರ ಗದ್ದ ಎತ್ತಿ ನಿಂತಿದ್ದ, ಮದುವೆ ಮನೆಯ ಬೀಗರಂತೆ.

ಕೊನೆಗೆ ಬಂದವರು ಡಾಕ್ಟರ್ ರೈ. ಎಂಬತ್ತೆಂಟು ವಯಸ್ಸು, ಊರುಗೋಲು, ಎರಡು ಕಣ್ಣೂ ಹೆಚ್ಚುಕಡಿಮೆ ಹೋಗಿದ್ದವು. ಆದರೂ ಶುಕ್ರವಾರ ತಪ್ಪಿಸುತ್ತಿರಲಿಲ್ಲ. ಮೆಟ್ಟಿಲಿಳಿಯಲು ಯಾರಾದರೂ ಕೈ ಕೊಟ್ಟರೆ ಕೋಲಿನಿಂದ ತಳ್ಳುತ್ತಿದ್ದರು. ಮೇಜಿನವರೆಗೆ ಬಂದು ಅದರ ಅಂಚು ಮುಟ್ಟಿ ನಿಂತರು.

"ಫುರ್ಟಾಡೊ ಇದೀಯಾ?"

"ಇಲ್ಲೇ ಇದೀನಿ ಡಾಕ್ಟ್ರೇ."

"ಮೊಗ್ಗು ಅಂತೆ, ಹೌದಾ? ನನ್ನ ಕಾಲದಲ್ಲಿ ಅದನ್ನ ಅಡುಗೆ ಅಂತಿದ್ವಿ." ಯಾರೋ ಹಿಂದೆ ಕೆಮ್ಮಿದರು. "ನನಗೆ ಕಾಣಲ್ಲ. ನಿನ್ನ ಕಣ್ಣಲ್ಲಿ ನೋಡ್ತೀನಿ. ಈಜಿತೇ?"

ಇದಾಲೀನಾ ಹೌದು ಅನ್ನಲು ಬಾಯಿ ತೆರೆದಳು. ನಿಜವೇ ಆಗಿತ್ತಲ್ಲ. ಮುದುಕಿ ಕಾಯುತ್ತಾ ನಿಂತಿದ್ದರು, ಖಾಲಿ ಕಣ್ಣುಗಳನ್ನು ತಪ್ಪು ದಿಕ್ಕಿಗೆ ತಿರುಗಿಸಿಕೊಂಡು. ಇದಾಲೀನಾ ಕೈ ಚಾಚಿ ಕೋಣೆಯ ದೀಪ ಆರಿಸಿದಳು. ನೀಲಿ ದೀಪದ ಗುಂಡಿ ಒತ್ತಿದಳು. ಗುಳಿಯ ಚಿತ್ರವನ್ನು ಗೋಡೆಯ ಪರದೆಗೆ ಹಾಯಿಸಿದಳು.

ಮರಿ ಹಸುರಾಗಿ ಉರಿಯುತ್ತಿತ್ತು. ಆಗತಾನೆ ಬಣ್ಣ ಚುಚ್ಚಿದ ಹಾಗೆ, ತಿರುಗುತ್ತಾ, ಇಡೀ ಪರದೆ ಬೆಳಗುವಷ್ಟು.

"ಈಜ್ತಾ ಇದೆ ಡಾಕ್ಟ್ರೇ," ಎಂದಳು. "ಹಸುರಾಗಿ ಹೊಳೀತಾನೂ ಇದೆ. ಚೆನ್ನಾಗಿ."

ಡಾಕ್ಟರ್ ರೈ ತಲೆ ಸ್ವಲ್ಪ ಓರೆ ಮಾಡಿದರು. "ಚೆನ್ನಾಗಿ ಅಂದ್ರೆ?"

"ಹೊಸ ಕಿಟಕಿ ಪರದೆ ಥರ."

"ಎಷ್ಟು ಬೆಳಕಲ್ಲಿ ತೆಗೆದ್ರಿ ಸಿನಿಮಾ?"

"ಅರವತ್ತು. ಒಂದೂವರೆ ಗಂಟೆ."

ಕತ್ತಲಲ್ಲಿ ಒಂದಿಬ್ಬರು ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಈಗ ಅರ್ಥವಾಯಿತು ಅವರಿಗೂ. ಕೈ ಹಿಡಿದು ಗೋಡೆ ಮುಟ್ಟಿಸಿದ ಮೇಲೆ.

"ಹಾಗಾದ್ರೆ ಇದು ಅದಲ್ಲ," ಎಂದರು ಮುದುಕಿ, ಹವಾಮಾನ ಹೇಳುವ ದನಿಯಲ್ಲಿ.

"ಅಲ್ಲ. ಇದು ತಂಗಿ. ಸಿನಿಮಾದ್ದು ಇಲ್ಲಿಲ್ಲ. ನಿನ್ನೆ ಎಡಗಡೆ ಬಿಟ್ಟಿದ್ದೆ, ಬೆಳಿಗ್ಗೆ ಇರಲಿಲ್ಲ. ಹಿಂದಿನ ಹನ್ನೊಂದರಲ್ಲಿ ಒಂದೂ ಈಜಿಲ್ಲ."

"ಗುಳಿ ಅದಲುಬದಲು ಮಾಡಿದಾಳೆ," ಎಂದ ವಿಥ್ರೋ ಬಾಗಿಲಿಂದ. ದನಿಯಲ್ಲಿ ಕೋಪಕ್ಕಿಂತ ಮರುಕ ಹೆಚ್ಚಿತ್ತು. ಅದೇ ಹೆಚ್ಚು ಹೇಸಿಗೆ. "ವಯಸ್ಸಾಯ್ತು ಪಾಪ. ಮೂರು ವಾರ ದುಡಿದು ಸುಸ್ತಾಗಿದಾಳೆ. ತಪ್ಪು ಯಾರಿಗಾದ್ರೂ ಆಗುತ್ತೆ."

ಇದಾಲೀನಾ ದೀಪ ಹಾಕಿದಳು. ಎಲ್ಲರ ಮುಖವೂ ಕಾಣುವ ಹಾಗೆ.

"ಅದಲುಬದಲು ಮಾಡಿದ್ರೆ ಆ ಗುಳೀಲಿ ಸತ್ತದ್ದು ಇರಬೇಕಿತ್ತು ಡಾಕ್ಟ್ರೇ. ಖಾಲಿ ಇದೆ. ಸತ್ತದ್ದನ್ನ ಎಸೆಯೋ ಅಭ್ಯಾಸ ನನಗಿಲ್ಲ, ಇಡೋದೇ ನನ್ನ ಕೆಲಸ. ಅವು ಹನ್ನೊಂದೂ ಪೆಟ್ಟಿಗೇಲಿವೆ, ಬೇಕಾದ್ರೆ ನೋಡಿ. ನಿಮ್ಮ ಮೊಗ್ಗಿನ ಸಮೇತ." ಸ್ವಲ್ಪ ತಡೆದು, "ಬಣ್ಣ ಸುಟ್ಟುಹೋಗುತ್ತೆ ಅಂತ ಮೊದಲನೇ ದಿನವೇ ಹೇಳಿದ್ದೆ. ನೀವು ಕೇಳಿಸ್ಕೊಂಡಿದ್ರೆ, ಕದಿಯೋದನ್ನಾದ್ರೂ ಸರಿಯಾಗಿ ಕದೀತಿದ್ರಿ."

ಯಾರೂ ನಗಲಿಲ್ಲ, ಡಾಕ್ಟರ್ ರೈ ಒಬ್ಬರನ್ನು ಬಿಟ್ಟು. ಅವರ ನಗು ಒಣ ತೊಗಟೆ ಮುರಿದ ಹಾಗೆ.

ಆಮೇಲೆ ಏನಾಯಿತೆಂದರೆ, ಏನೂ ಆಗಲಿಲ್ಲ. ಅಂಥವರಿಗೆ ಏನೂ ಆಗುವುದಿಲ್ಲ. ಹಿಂಡು ತನ್ನ ಲೋಟಗಳನ್ನು ಹಿಡಿದುಕೊಂಡು ಮೇಲೆ ಹತ್ತಿತು, ಬೈದವರಿಲ್ಲ, ಕೇಳಿದವರಿಲ್ಲ. ಒಬ್ಬಿಬ್ಬರು ಇದಾಲೀನಾಳ ಹೆಗಲು ತಟ್ಟಿದರು, ವಿಥ್ರೋ ನೋಡದಾಗ. ಉಪನ್ಯಾಸ ನಡೆಯಲಿಲ್ಲ, "ಯಂತ್ರದ ತೊಂದರೆಯಿಂದ" ಎಂದು ಬಾಗಿಲಿಗೆ ಚೀಟಿ ಹಚ್ಚಿದರು. ಯಂತ್ರಕ್ಕೆ ಮಾತು ಬಂದಿದ್ದರೆ ಉಗಿಯುತ್ತಿತ್ತು. ಭಾನುವಾರದ ಬಸ್ಸಿಗೆ ವಿಥ್ರೋ ಲೇಸರು ಕಟ್ಟಿಕೊಂಡು ಹೊರಟ. ಮುಂದಿನ ವರ್ಷ ಬೇರೆ ಯಾವುದೋ ಕಡಲಿನಲ್ಲಿ ಬೇರೆ ಯಾವುದಕ್ಕೋ ತನ್ನ ಹೆಸರಿಟ್ಟನಂತೆ.

ಮೆಟ್ಟಿಲ ಬುಡದ ಪ್ರಕಟಣೆಯನ್ನು ಯಾರೋ ಕಿತ್ತು ಹಾಕಿದ್ದರು. ವಿಥ್ರೋ ಹೆಸರಿನ ಜೊತೆಗೆ ಅವಳದ್ದೂ ಹೋಯಿತು. ಬೇರೆ ಮಾಡಿ ಕೀಳುವ ವ್ಯವಧಾನ ಯಾರಿಗಿದೆ?

ಶನಿವಾರ ಬೆಳಿಗ್ಗೆ ಸೆರಫೀಂ ಅವಳ ಮನೆಗೆ ಬಂದ. ಊರೆಲ್ಲ ಕೇಳಿಕೊಂಡೇ ಬಂದಿದ್ದ. ಫ್ರಿಜ್ಜಿನ ಬಾಗಿಲ ಮೇಲೆ ಕಾಗದ ಇನ್ನೂ ಇತ್ತು.

"ಸುಮ್ಮನೆ ಇದ್ದಿದ್ರೆ ಆಗ್ತಿತ್ತಲ್ಲೇ ಮಾನಾ. ನೀನೇನೂ ಮಾಡಿರಲಿಲ್ಲ."

"ಸುಮ್ಮನೆ ಇದ್ದೆ. ಬೆಳಿಗ್ಗೆ ಏಳರಿಂದ ಮೂರರ ತನಕ."

"ಅಪ್ಪನಿಗೋಸ್ಕರಾದ್ರೂ..."

"ಅಪ್ಪ ಕೊಳೆತ ಮೀನಿನ ಮೇಲೆ ಮಂಜುಗಡ್ಡೆ ಹಾಕಿ ಮಾರಿದ್ದು ನೋಡಿದೀಯಾ?"

ಸೆರಫೀಂ ತಟ್ಟೆಯಲ್ಲಿ ಉಳಿದಿದ್ದ ಸಿಹಿ ಬ್ರೆಡ್ಡಿನ ಚೂರನ್ನು ಬಾಯಿಗೆ ಹಾಕಿಕೊಂಡ. ಆಮೇಲೆ, "ಈ ಕಾಗದ ಏನ್ಮಾಡ್ತೀಯ?" ಎಂದು ಕೇಳಿದ.

"ದಪ್ಪ ಕಾಗದ. ಎಸೆಯೋಕೆ ಆಗಲ್ಲ."

ಸೋಮವಾರ ಅವಳು ಅದನ್ನು ಪ್ರಯೋಗಶಾಲೆಗೆ ಒಯ್ದಳು. ಮಗುಚಿ, ಖಾಲಿ ಬೆನ್ನ ಮೇಲೆ ಕಪ್ಪು ಮಸಿಯಲ್ಲಿ ತನ್ನ ದೊಡ್ಡ ಓರೆ ಅಕ್ಷರಗಳಲ್ಲಿ ಬರೆದಳು: ಈ ಗಾಜಿಗೆ ಸೋಪು ಮುಟ್ಟಿಸಬೇಡಿ. ಕೆಳಗೆ ಹೆಸರು ಬರೆದಳು, ಪೂರ್ತಿಯಾಗಿ, ಇದಾಲೀನಾ ಫುರ್ಟಾಡೊ ಎಂದು. ತೊಳೆಯುವ ತೊಟ್ಟಿಯ ಮೇಲಿನ ಗೋಡೆಗೆ ನಾಲ್ಕೂ ಮೂಲೆಗೆ ಅಂಟು ಹಾಕಿ ಒತ್ತಿದಳು. ಆಮೇಲೆ ಆ ಗುಳಿಯ ತಟ್ಟೆಯನ್ನು ತೊಟ್ಟಿಗೆ ಇಳಿಸಿ ನಲ್ಲಿ ಬಿಟ್ಟಳು. ನೀರು, ಮತ್ತೆ ನೀರು, ಮತ್ತೆ ನೀರು.